ಸೆಕೆಂಡ್ ಗೇರ್ ಮೇಷ್ಟ್ರ ಫುಲ್ ಟ್ಯಾಂಕ್

೧

ಎಲ್ಲಿಂದ ಶುರು ಮಾಡೋದು ಅಂತಲೇ ಗೊತ್ತಾಗುತ್ತಿಲ್ಲ. ಮೊದಲು ಹೀಗೆ ಬರೆದಿದ್ದೆ: "ಮುಂಜಾವಿನ ಹೊಂಬಿಸಿಲು ಕಾರ್ ಷೆಡ್ಡಿನ ತಗಡಿನ ಮಾಡಿನ ಮೇಲೆ ಮೆಲ್ಲಮೆಲ್ಲನೆ, ನಾಚುತ್ತ, ನುಲಿಯುತ್ತ ಹರಡತೊಡಗಿತ್ತು." ಷೆಡ್ಡಿನೊಳಗೆ ಕೂತಿದ್ದ ಕಥಾನಾಯಕ ಲ್ಯಾಪ್‌ಟಾಪಿನಿಂದ ತಲೆ ಎತ್ತಿದ.

"ಸರ್, ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಕೋಬಾರದು."

"ಹೇಳಪ್ಪ."

"ಗಾಡಿ ಇನ್ನೂ ಗೇಟ್ ದಾಟಿಲ್ಲ. ಆಗಲೇ ಅರ್ಧ ಟ್ಯಾಂಕ್ ಖಾಲಿ ಮಾಡಿದೀರಿ."

(ನೋಡಿದಿರಾ? ನಾನು ಹುಟ್ಟಿಸಿದವನು ನನಗೇ ಬುದ್ಧಿ ಹೇಳ್ತಾನೆ. ಹೊಂಬಿಸಿಲು ತೆಗೆದೆ. ನಾಚಿಕೆಯನ್ನೂ ನುಲಿಯುವಿಕೆಯನ್ನೂ ತೆಗೆದೆ. ಷೆಡ್ಡನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಯಾಕೆಂದರೆ ಜಗಳವೆಲ್ಲ ಆ ಷೆಡ್ಡಿಂದು.)

೧ (ಮತ್ತೆ, ಕಡಿಮೆ ಪೆಟ್ರೋಲಿನಲ್ಲಿ)

ಇವನು ಅಳಿಯ. ಷೆಡ್ಡು ಮಾವನದು. ಅಳಿಯ ಅಲ್ಲಿ ಕಾರುಗಳನ್ನು ರೀಮ್ಯಾಪ್ ಮಾಡ್ತಾನೆ.

ಹಾಗಂದರೇನು ಅಂತ ನೀವು ಕೇಳುವ ಮೊದಲೇ ಹೇಳಿಬಿಡ್ತೀನಿ. ಈಗಿನ ಕಾರುಗಳಲ್ಲಿ ಒಂದು ಕಂಪ್ಯೂಟರ್ ಡಬ್ಬಿ ಇರುತ್ತೆ. ಇಂಜಿನ್ನಿಗೆ ಯಾವಾಗ ಎಷ್ಟು ಪೆಟ್ರೋಲ್ ಕೊಡಬೇಕು, ಯಾವ ಕ್ಷಣಕ್ಕೆ ಕಿಡಿ ಹೊಡೆಯಬೇಕು ಅನ್ನೋ ಲೆಕ್ಕವೆಲ್ಲ ಅದರ ಹೊಟ್ಟೆಯಲ್ಲಿ. ಕಂಪನಿಯವರು ಆ ಲೆಕ್ಕವನ್ನು ಹೆದರಿ ಹೆದರಿ ಬರೆದಿರ್ತಾರೆ, ಯಾರು ಎಂಥ ಪೆಟ್ರೋಲ್ ಹಾಕಿ ಹೇಗೆ ಓಡಿಸ್ತಾರೋ ಏನೋ ಅಂತ. ನಮ್ಮ ಅಳಿಯ ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ವೈರ್ ಸಿಕ್ಕಿಸಿ, ಆ ಫೈಲನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಅಲ್ಲೊಂದಿಷ್ಟು ಇಲ್ಲೊಂದಿಷ್ಟು ತಿದ್ದಿ, ವಾಪಸ್ ಬರೀತಾನೆ. ಅದೇ ಗಾಡಿ, ಅದೇ ಇಂಜಿನ್ನು, ಆದರೆ ಎಳೆತವೇ ಬೇರೆ. ಸ್ಪ್ಯಾನರ್ ಮುಟ್ಟಲ್ಲ, ಒಂದು ನಟ್ಟು ಸಡಿಲಿಸಲ್ಲ.

ಅದೇ ಅವನ ಕರ್ಮ. ಏನೂ ಬಿಚ್ಚದವನನ್ನು ಯಾರು ನಂಬ್ತಾರೆ ಹೇಳಿ? ಅದಕ್ಕೆ ಅವನೊಂದು ಪದ್ಧತಿ ಇಟ್ಟುಕೊಂಡಿದ್ದಾನೆ. ಕೆಲಸ ಮುಗಿದ ಮೇಲೆ ಬಾನೆಟ್ ಎತ್ತಿ ಒಳಗೆ ಇಣುಕಿ "ಹ್ಞೂಂ..." ಅನ್ನೋದು. ಬಟ್ಟೆ ತಗೊಂಡು ಏನನ್ನೋ ಒರೆಸೋದು. ಅಂಗೈಗೆ ಚೂರು ಗ್ರೀಸ್ ಬಳಿದುಕೊಂಡು, ಗಿರಾಕಿಗೆ ಕಾಣುವ ಹಾಗೆ ಆ ಕೈ ಒರೆಸಿಕೊಳ್ಳೋದು. ಗಿರಾಕಿಯ ಮುಖ ಅರಳುತ್ತೆ. ಇಂಜಿನ್ನಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ.

"ಸರ್, ಅದನ್ನೆಲ್ಲ ಬರೀಬೇಡಿ," ಅಂದ ಅಳಿಯ.

(ಬರೆದಾಯ್ತಲ್ಲ.)

೨

ಈಗ ಮಾವ. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಾಗಿ ನಿವೃತ್ತರಾದವರು. ಊರಿನ ಅರ್ಧ ಜನ ಕ್ಲಚ್ ಬಿಡೋದು ಕಲಿತದ್ದು ಇವರ ಬೈಗುಳದಲ್ಲೇ. ಯಾವ ಶಿಷ್ಯನನ್ನೂ ಸೆಕೆಂಡ್ ಗೇರ್ ದಾಟೋಕೆ ಬಿಟ್ಟವರಲ್ಲ, ಅದಕ್ಕೆ ಹಿಂದಿನಿಂದ ಎಲ್ಲರೂ ಇವರನ್ನು ಕರೆಯೋದು ಸೆಕೆಂಡ್ ಗೇರ್ ಮೇಷ್ಟ್ರು ಅಂತ. ಇಳಿಜಾರು ಬಂದರೆ ಆಕ್ಸಿಲರೇಟರಿನಿಂದ ಕಾಲು ತೆಗೆದು ಬೂಟು ಬಿಚ್ಚಿಟ್ಟುಬಿಡುವಷ್ಟು ಜಿಪು...

"ಏನಯ್ಯಾ ಅದು? ಜಿಪುಣ ಅಂತ ಬರೆಯೋಕೆ ಹೊರಟ್ಯಾ?"

(ಮಾವ. ಕಥೆಗೆ ಬರೋಕೆ ಮುಂಚೆ ಹಾರ್ನ್ ಕೂಡ ಮಾಡಲ್ಲ ಈ ಮನುಷ್ಯ.)

"ಮಿತವ್ಯಯಿ ಅಂತ ಬರಿ. ಬೂಟು ಬಿಚ್ಚೋದನ್ನ ತೆಗಿ, ಸುಳ್ಳು ಅದು. ನಾನು ಓಡಿಸೋದು ಚಪ್ಪಲಿಯಲ್ಲಿ."

ಬೂಟು ತೆಗೆದೆ. ಇಳಿಜಾರು ಇಟ್ಟುಕೊಂಡಿದ್ದೇನೆ, ಅದಕ್ಕೆ ಅವರು ತಕರಾರು ಎತ್ತಲಿಲ್ಲ.

ಇಂಥ ಮಾವನ ಕಾರು ಬಿಸಿಲಿನಲ್ಲಿ ನಿಂತಿದೆ. ಷೆಡ್ಡಿನ ತುಂಬ ಅಳಿಯನ ಗಿರಾಕಿಗಳ ಕಾರು. ಬೆಳಗಾದರೆ ಮಾವ ತಮ್ಮ ಕಾರಿನ ಮೇಲಿನ ಹೊದಿಕೆ ಸರಿಮಾಡುತ್ತ, ಷೆಡ್ಡಿನ ಕಡೆ ಒಂದು ನೋಟ ಬೀರಿ ನಿಟ್ಟುಸಿರು ಬಿಡ್ತಾರೆ. ಆ ನಿಟ್ಟುಸಿರು ಒಳಮನೆಗೂ ಕೇಳಿಸುತ್ತೆ. ಒಂದು ದಿನ ನಿಟ್ಟುಸಿರು ಸಾಲದೆ ಬಾಯಿಯೇ ಬಿಟ್ಟರು.

"ಅಳಿಯಂದ್ರೇ, ನನಗೊಂದು ಅನುಮಾನ. ಬಾನೆಟ್ ಎತ್ತಿ ಬಟ್ಟೆಯಲ್ಲಿ ಒರೆಸೋದು ವಿದ್ಯೆ ಅನ್ನೋದಾದ್ರೆ ನಿಮ್ಮತ್ತೆ ದಿನಾ ಗ್ಯಾಸ್ ಒಲೆ ರೀಮ್ಯಾಪ್ ಮಾಡ್ತಾಳೆ."

ಅಳಿಯನಿಗೆ ಸುರ್ರನೆ ಸಿಟ್ಟು ಬಂತು. "ನಿಮ್ಮ ಕಾರನ್ನೇ ಕೊಡಿ ಮಾವ. ಮೈಲೇಜ್ ಜಾಸ್ತಿ ಮಾಡಿ ತೋರಿಸ್ತೀನಿ."

"ಮಾಡದಿದ್ರೆ?"

"ಷೆಡ್ ಖಾಲಿ ಮಾಡ್ತೀನಿ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಷೆಡ್ ಹೋದರೆ ಅವನಿಗೆ ಉಳಿಯೋದು ಹಳೇ ಶೋರೂಂ ಕೆಲಸ. ಟೈ ಕಟ್ಟಿಕೊಂಡು, ಗಾಜಿನ ಬಾಗಿಲ ಹತ್ತಿರ ನಿಂತು, ಒಳಗೆ ಬಂದವರಿಗೆಲ್ಲ ಹಲ್ಲು ಕಿರಿದು "ಟೆಸ್ಟ್ ಡ್ರೈವ್ ಸರ್?" ಅನ್ನೋದು. ಅಲ್ಲಿ ಅವನಿಗೆ ಉಸಿರು ಕಟ್ಟುತ್ತಿತ್ತು. ಈ ತಗಡಿನ ಕೆಳಗೆ ಬೆವರು ಸುರಿಸುತ್ತ ಕೂತಾಗ ಮಾತ್ರ ಅವನು ಮನುಷ್ಯನ ಹಾಗೆ ಇರ್ತಾನೆ, ಅದು ಅವನ ಹೆಂಡತಿಗೂ ಗೊತ್ತು.

ಪರೀಕ್ಷೆಯ ನಿಯಮ ಮಾವನದೇ. ಟ್ಯಾಂಕ್ ಬಾಯಿತನಕ ತುಂಬಿಸೋದು. ಬೆಟ್ಟ ಹತ್ತಿ ಇಳಿದು ಕಿರಿ ಮಗಳ ಮನೆಗೆ ಹೋಗಿ ಬರೋದು. ಮತ್ತೆ ಬಾಯಿತನಕ ತುಂಬಿಸಿ, ಎಷ್ಟು ಹಿಡೀತು ಅಂತ ನೋಡೋದು. ಮಧ್ಯದಲ್ಲಿ ಒಂದು ತೊಟ್ಟು ಹಾಕಿಸಿದರೂ ಪರೀಕ್ಷೆ ರದ್ದು.

೩

ಕಾರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿದ ಅಳಿಯ ತಲೆ ಮೇಲೆ ಕೈ ಹೊತ್ತು ಕೂತ. ಮೈಲೇಜ್ ಜಾಸ್ತಿ ಆಗಬೇಕಾದರೆ ಎಲ್ಲಾದರೂ ಪೆಟ್ರೋಲ್ ದಂಡವಾಗ್ತಿರಬೇಕು ತಾನೆ? ಮಾವ ದಂಡ ಮಾಡ್ತಲೇ ಇಲ್ಲ! ಆ ಕಾಲು ಆಕ್ಸಿಲರೇಟರನ್ನು ಒತ್ತೋದಲ್ಲ, ಬಿಸಿ ಹಾಲಿಗೆ ಬೆರಳಿಟ್ಟು ನೋಡುವ ಹಾಗೆ ಮುಟ್ಟಿ ಮುಟ್ಟಿ ತೆಗೆಯೋದು. ಇಂಥವರ ಗಾಡಿಯಿಂದ ಇನ್ನೇನು ಹಿಂಡೋಕಾಗುತ್ತೆ?

ಹೆಂಡತಿ ಚಹಾ ತಂದಿಟ್ಟು ಪಕ್ಕದಲ್ಲೇ ನಿಂತಳು. "ರೀ, ಡ್ಯಾಶ್‌ಬೋರ್ಡಲ್ಲಿ ಮೈಲೇಜ್ ತೋರಿಸುತ್ತಲ್ಲ, ಅದು ಸ್ವಲ್ಪ ಜಾಸ್ತಿ ತೋರಿಸೋ ಹಾಗೆ ಮಾಡಿಬಿಡಿ. ಅದನ್ನ ನೋಡಿದ್ರೆ ಅಪ್ಪ ಬಂಕಿನ ಲೆಕ್ಕ ಕೇಳದೇನೂ ಇರಬಹುದು. ಆಗುತ್ತಲ್ವಾ?"

ಆಗುತ್ತೆ. ಅವನು ಚಹಾ ಲೋಟ ಎತ್ತಿಕೊಂಡ.

(ಇಲ್ಲಿ ನನಗೆ ಬಾಯಲ್ಲಿ ನೀರೂರಿತು. ಕಥೆಗೆ ಇದೇ ಬೇಕಾಗಿತ್ತು! ಮೋಸ, ಒಳತೋಟಿ, ಸಿಕ್ಕಿಬೀಳುವ ಭಯ. ಬರೆದೇಬಿಟ್ಟೆ: "ಅಳಿಯನ ನಡುಗುವ ಬೆರಳು ಆ ಸುಳ್ಳಿನ ಅಂಕಿಯತ್ತ ಚಾಚಿತು...")

"ಬೆರಳು ವಾಪಸ್ ತಗೊಳ್ಳಿ ಸರ್," ಅಂದ ಅಳಿಯ.

"ಯಾಕಯ್ಯಾ? ಸಣ್ಣ ಸುಳ್ಳು. ನಾನು ದಿನಾ ಬರೀತೀನಿ."

"ನೀವು ಬರೀತೀರಿ, ನಿಮ್ಮ ಹೊಟ್ಟೆಪಾಡು ಅದು. ನಾನು ಕೈಗೆ ಗ್ರೀಸ್ ಬಳಿದುಕೊಳ್ಳಬಹುದು, ಫೈಲಲ್ಲಿ ಸುಳ್ಳು ಬರೆಯಲ್ಲ."

ಬೆರಳು ವಾಪಸ್ ತಗೊಂಡೆ. ಹೆಂಡತಿ ಅವನ ಮುಖವನ್ನೇ ನೋಡಿದಳು. ಅವಳಿಗೆ ಹೆಮ್ಮೆಯೂ ಆಯ್ತು, ತಲೆ ಚಚ್ಚಿಕೊಳ್ಳೋ ಹಾಗೂ ಆಯ್ತು. "ಸರಿ ಹಾಗಾದ್ರೆ, ಟೈ ಇಸ್ತ್ರಿ ಮಾಡಿಡ್ಲಾ?" ಅಂತ ಕೇಳಿ ಒಳಗೆ ಹೋದಳು.

ಅವನು ಪ್ರಾಮಾಣಿಕವಾದ ಒಂದು ಫೈಲ್ ಬರೆದ. ಕಾಲು ಚೂರು ಒತ್ತಿದರೂ ಸಾಕು, ಇಂಜಿನ್ ಬೇಗ ಎಳೆಯಬೇಕು. ಆಗ ಮಾವ ಬೆಟ್ಟ ಹತ್ತುವಾಗ ಕೂಡ ಹೆಚ್ಚು ಒತ್ತೋದು ಬೇಡ. ಕಾಗದದ ಮೇಲೆ ಲೆಕ್ಕ ಎಷ್ಟು ಚೆನ್ನಾಗಿತ್ತು ಅಂತೀರಿ! ಫೈಲಿಗೆ ಹೆಸರಿಟ್ಟ: "ಮಾವ ಫೈನಲ್". ಆಮೇಲೆ "ಮಾವ ಫೈನಲ್ ಹೊಸದು". ಆಮೇಲೆ "ಮಾವ ಇದೇ ಫೈನಲ್ ಆಣೆಗೂ".

(ಈ ಕಥೆಯ ಫೈಲಿಗೂ ಈಗ ಅಂಥದೇ ಹೆಸರಿದೆ. ನಗಬೇಡಿ.)

೪

ಭಾನುವಾರ ಮಾವ ಅತ್ತೆ ಹೊರಟರು. ನಾನೂ ಹಿಂದಿನ ಸೀಟಿನಲ್ಲಿ ಮೆತ್ತಗೆ ಕೂತೆ, ಕಥೆಗಾರ ಅಂದಮೇಲೆ ಕಣ್ಣಾರೆ ನೋಡಿ ಬರೀಬೇಕಲ್ಲ. ಮಾವ ಕನ್ನಡಿಯಲ್ಲಿ ನೋಡಿದರು.

"ಇಳಿ."

"ಮೇಷ್ಟ್ರೇ, ನಾನಿಲ್ಲದೆ ಕಥೆ..."

"ತೂಕ ಜಾಸ್ತಿ ಆದ್ರೆ ಮೈಲೇಜ್ ಬೀಳುತ್ತೆ. ಇಳಿಯಯ್ಯಾ."

ಇಳಿದೆ. ಹಾಗಾಗಿ ಬೆಟ್ಟದ ಮೇಲೆ ಏನಾಯ್ತು ಅನ್ನೋದು ನನಗೂ ನಿಮಗೂ ಅಳಿಯನಿಗೂ ಅತ್ತೆಯ ಫೋನಿನಿಂದಲೇ ತಿಳಿಯಬೇಕು. ಷೆಡ್ಡಿನಲ್ಲಿ ನಾನು, ಅಳಿಯ, ಅವನ ಹೆಂಡತಿ ಮೂವರೂ ಸ್ಟೂಲ್ ಹಾಕಿಕೊಂಡು ಫೋನನ್ನೇ ದುರುಗುಟ್ಟಿ ನೋಡುತ್ತ ಕೂತೆವು.

ಮೊದಲ ಫೋನು. "ಅಳಿಯಂದ್ರೇ, ಏನ್ ಮಾಡಿದ್ರಿ ಗಾಡೀಗೆ? ನಿಮ್ಮ ಮಾವ ಲಾರೀನ ಹಿಂದೆ ಹಾಕಿಬಿಟ್ರು!"

"ಹ್ಞಾಂ?"

"ಯಾವಾಗ್ಲೂ ಲಾರಿಯ ಬೆನ್ನು ನೋಡ್ಕೊಂಡೇ ಬೆಟ್ಟ ಹತ್ತೋದು ನಾವು. ಮದುವೆಯಾದಾಗಿಂದ ಇವತ್ತೇ ನಾನು ಲಾರಿಯ ಮುಖ ನೋಡಿದ್ದು. ಡ್ರೈವರು ಎಷ್ಟು ಚೆನ್ನಾಗಿ ಮೀಸೆ ಬಿಟ್ಟಿದ್ದಾನೆ!"

ಅಳಿಯನ ಮುಖ ಸಪ್ಪಗಾಯ್ತು. ಲಾರಿ ಹಿಂದೆ ಹಾಕೋದು ಅಂದರೆ ಕಾಲು ಒತ್ತೋದು, ಕಾಲು ಒತ್ತೋದು ಅಂದರೆ ಪೆಟ್ರೋಲು.

ಎರಡನೆಯ ಫೋನು. "ಬಸ್ಸು ಹೋಯ್ತು. ಟ್ರಾಕ್ಟರ್ ಹೋಯ್ತು. ಯಾರೋ ಇವರ ಹಳೇ ಶಿಷ್ಯ ಕಾರಲ್ಲಿದ್ದ, ಅವನನ್ನೂ ಹಿಂದೆ ಹಾಕಿ, ಕಿಟಕಿ ಇಳಿಸಿ 'ಕ್ಲಚ್ ಮೇಲಿಂದ ಕಾಲು ತೆಗಿಯೋ ಮುಂಡೇದೇ' ಅಂತ ಕೂಗಿದ್ರು." ಹಿಂದೆ ಇಂಜಿನ್ನಿನ ಸದ್ದು. ಆ ಸದ್ದಿನ ಮೇಲೆ ಇನ್ನೊಂದು ಸದ್ದು, ಯಾರೋ ಹಾಡುತ್ತಿದ್ದರು.

"ಅಪ್ಪ ಹಾಡ್ತಿದ್ದಾರಾ?" ಹೆಂಡತಿಯ ಕಣ್ಣು ಅಗಲವಾಯ್ತು. "ಅಪ್ಪನಿಗೆ ಹಾಡು ಬರುತ್ತಾ?"

ಅಳಿಯ ಎದ್ದು ಲ್ಯಾಪ್‌ಟಾಪ್ ಮುಚ್ಚಿದ. ಅವನಿಗೆ ಅಳು ನಗು ಎರಡೂ ಒಟ್ಟಿಗೆ ಬಂದವು. "ಮುಗೀತು ಕಣೇ. ಫೈಲ್ ಚೆನ್ನಾಗೇ ಇದೆ. ಮಾವನ ಕಾಲಿಗೆ ರುಚಿ ಹತ್ತಿಬಿಡ್ತು. ಇನ್ನು ಮೈಲೇಜ್ ನಾಯಿಪಾಡು."

೫-ಅ

ಮೊದಲ ಮುಕ್ತಾಯ. ಮಾವ ವಾಪಸ್ ಬರ್ತಾರೆ, ಪೆಟ್ರೋಲ್ ಅಳೀತಾರೆ, ಷೆಡ್ ಖಾಲಿ ಮಾಡಿಸ್ತಾರೆ. ಅಳಿಯ ಗಾಜಿನ ಬಾಗಿಲ ಹತ್ತಿರ ನಿಲ್ತಾನೆ. ಅಳಿಯನ ಹೆಂಡತಿ ಓದಿ, "ನಿಮಗೆ ಹೆಂಡ್ತಿ ಮಕ್ಕಳು ಇಲ್ವಾ?" ಅಂತ ನನ್ನನ್ನೇ ಕೇಳಿದಳು. ಅಳಿಸಿ ಹಾಕಿದೆ.

೫-ಆ

ಎರಡನೆಯದು. ಮಾವ ಅಳಿಯನನ್ನು ಅಪ್ಪಿಕೊಂಡು "ನನ್ನ ಕಣ್ಣು ತೆರೆಸಿದಿರಿ" ಅಂತಾರೆ. ಹಿನ್ನೆಲೆಯಲ್ಲಿ ಸಂಗೀತ. ಇದನ್ನು ಓದಿ ಗಂಡ ಹೆಂಡತಿ ಇಬ್ಬರೂ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕರು. "ಅಪ್ಪ ಕಾರ್ ತೊಳೆಯೋವಾಗ ಕಾರನ್ನ ಅಪ್ಕೋತಾರೆ, ಅಷ್ಟೇ. ಮನುಷ್ಯರನ್ನಲ್ಲ," ಅಂದಳು ಹೆಂಡತಿ. ಇದೂ ಹೋಯ್ತು.

೫-ಇ

ಮೂರನೆಯದನ್ನು ನಾನು ಬರೆಯಲಿಲ್ಲ. ಫೋನು ಬಂತು.

"ಅಳಿಯಂದ್ರೇ," ಅತ್ತೆಯ ದನಿ ತಗ್ಗಿತ್ತು, ಪಕ್ಕದವರಿಗೆ ಕೇಳಿಸಬಾರದು ಅನ್ನೋ ಹಾಗೆ. "ಕಿರಿಯವಳ ಮನೆಗೆ ಹೋಗಿ ಹೊರಟಿದ್ದಾಯ್ತು. ಈಗ ಪೆಟ್ರೋಲ್ ಬಂಕಲ್ಲಿದೀವಿ."

"ಊರಿನ ಬಂಕಾ ಅತ್ತೆ?"

"ಅಲ್ಲ, ಬೆಟ್ಟದ ಬುಡದ್ದು. ಪೆಟ್ರೋಲ್ ಮುಳ್ಳು ಕೆಳಗಿಳೀತು. ಇವರು ಅದನ್ನೇ ನೋಡ್ತಾ ಹಾಡು ನಿಲ್ಲಿಸಿಬಿಟ್ರು. ಆಮೇಲೆ ಬಂಕಿಗೆ ತಿರುಗಿಸಿ ಫುಲ್ ಟ್ಯಾಂಕ್ ಅಂದ್ರು."

ಅಳಿಯ ಎದ್ದು ನಿಂತ. "ಮಧ್ಯದಲ್ಲಿ ಹಾಕ್ಸಿದ್ರಾ? ಎಷ್ಟು ಹಿಡೀತು?"

"ಯಾರಿಗ್ಗೊತ್ತು? ಬಂಕಿಗೆ ಬಂದ್ರೆ ಕೆಳಗಿಳಿದು, ಕಣ್ಣಲ್ಲಿ ಕಣ್ಣಿಟ್ಟು ಮೀಟರ್ ನೋಡೋ ಮನುಷ್ಯ, ಇವತ್ತು ಸೀಟಿಂದ ಏಳಲೇ ಇಲ್ಲ. ನಾನು ನೋಡೋಕೆ ಹೋದ್ರೆ ನನ್ನ ಮುಖ ಹಿಡಿದು ಆ ಕಡೆ ತಿರುಗಿಸಿಬಿಟ್ರು."

ಷೆಡ್ಡಿನಲ್ಲಿ ಮೂವರೂ ಫೋನಿಗೆ ಕಿವಿ ಹಚ್ಚಿದೆವು. ಫೋನಿನ ಆ ತುದಿಯಲ್ಲಿ ಮಾವನ ದನಿ ಕೇಳಿಸಿತು, ಕ್ಲಾಸಿನಲ್ಲಿ ಪಾಠ ಹೇಳುವ ಅದೇ ಗತ್ತು.

"ಪರೀಕ್ಷೆ ರದ್ದಾಯ್ತು ಅಂತ ಅಳಿಯಂದ್ರಿಗೆ ಹೇಳು. ನಿಯಮ ಅಂದ್ರೆ ನಿಯಮ. ಮುಂದಿನ ವಾರ ಮತ್ತೆ ಮಾಡೋಣ. ಅಲ್ಲೀತನಕ ಷೆಡ್ ಹೇಗಿದೆಯೋ ಹಾಗೇ ಇರಲಿ."

"ಮುಂದಿನ ವಾರದ್ದೂ ರದ್ದಾದ್ರೆ?" ಅತ್ತೆ ಕೇಳಿದರು.

"ಆದ್ರೆ ಅದರ ಮುಂದಿನ ವಾರ. ಪರೀಕ್ಷೆ ಅಂದಮೇಲೆ ಸರಿಯಾಗಿ ಮಾಡಬೇಕು."

ಹೆಂಡತಿ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಅಳಿಯ ಮಾತ್ರ ಫೋನ್ ಹಿಡಿದುಕೊಂಡೇ ನಿಂತಿದ್ದ. ಮಾವ ತನ್ನನ್ನು ಇಷ್ಟು ದೊಡ್ಡ ಮನಸ್ಸಿನಿಂದ ನೋಡ್ತಾರೆ ಅಂತ ಅವನು ಕನಸಿನಲ್ಲೂ ನೆನೆಸಿರಲಿಲ್ಲ.

"ಮನೆಗೆ ಎಷ್ಟು ಹೊತ್ತಿಗೆ ಬರ್ತೀರಿ ಅತ್ತೆ?"

"ಅದನ್ನೇ ಹೇಳೋಕೆ ಫೋನ್ ಮಾಡಿದ್ದು. ಮನೆ ರಸ್ತೆ ಎಡಗಡೆ ಅಲ್ವಾ? ಇವರು ಬಲಗಡೆ ಇಂಡಿಕೇಟರ್ ಹಾಕಿದ್ದಾರೆ. ಅಯ್ಯಯ್ಯೋ, ತಿರುಗಿಸಿಯೇಬಿಟ್ರು! ಇಡ್ತೀನಿ ಇಡ್ತೀನಿ."

೬

ನಾನು ಲಗುಬಗೆಯಿಂದ ಕೊನೇ ಸಾಲಿಗೆ ಕೈ ಹಾಕಿದೆ. ಮಾವನನ್ನು ಹೇಗಾದರೂ ಮನೆ ಮುಟ್ಟಿಸಬೇಕು, ಷೆಡ್ಡಿನ ಇತ್ಯರ್ಥ ಆಗಬೇಕು, ನೀವೂ ಪುಸ್ತಕ ಮುಚ್ಚಿ ನಿಮ್ಮ ಕೆಲಸ ನೋಡಬೇಕು. "ಹೀಗೆ ಕೊನೆಗೂ..." ಅಂತ ಬರೆಯುತ್ತಿದ್ದ ಹಾಗೆ ಅಳಿಯ ಬಂದು ನನ್ನ ಕೈ ಹಿಡಿದುಕೊಂಡ.

"ಸರ್, ಇಂಜಿನ್ ಓಡ್ತಿರುವಾಗ ಫೈಲ್ ಬರೆಯೋ ಹಾಗಿಲ್ಲ. ಗಾಡಿ ನಿಲ್ಲಲಿ, ಆಮೇಲೆ ಬರೀರಿ."

"ಯಾವಾಗಯ್ಯಾ ನಿಲ್ಲೋದು?"

"ನನ್ನ ಕೇಳಿದ್ರೆ? ಫುಲ್ ಟ್ಯಾಂಕ್ ಹಾಕ್ಸಿದ್ದಾರೆ."