ರವಿಕೆ ಕಣ

"ಅಳಬೇಡವೇ ಮುಂಡೆ. ಕಣ್ಣೀರು ಬಿದ್ರೆ ರೇಷ್ಮೆ ಕಲೆ ಕಟ್ಟುತ್ತೆ."

ಮುಂಡೆ ಎಂಬುದು ದಣಿಯ ಗುಮಾಸ್ತನ ಬಾಯಲ್ಲಿ ಉಸಿರಿನಷ್ಟೇ ಸಲೀಸಾಗಿ ಬರುವ ಮಾತು. ಬೀದಿಯ ಹೆಂಗಸರೆಲ್ಲ ಕೇಳಿ ಕೇಳಿ ಅದಕ್ಕೆ ಒಗ್ಗಿಹೋಗಿದ್ದರು. ಇವಳ ಪಾಲಿಗೆ ಮಾತ್ರ ಈ ಬೆಳಗಿನಿಂದ ಅದು ಬರೀ ಬೈಗುಳವಾಗಿ ಉಳಿದಿರಲಿಲ್ಲ. ಗಂಡನ ಹೆಣ ಒಳಗಿನ ಕೋಣೆಯಲ್ಲಿತ್ತು. ಇವಳು ಹೊರಕೋಣೆಯಲ್ಲಿ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು, ಅವನು ಅರ್ಧಕ್ಕೆ ಬಿಟ್ಟ ಸೆರಗನ್ನು ಅವನು ಬಿಟ್ಟಲ್ಲಿಂದಲೇ ನೇಯುತ್ತಿದ್ದಳು.

"ಎದೆ ಹಿಡ್ಕೊಂಡಂಗಿದೆ ಕಣೇ" ಎಂದವನು ಮಗ್ಗದ ಮೇಲೆಯೇ ಬೋರಲು ಬಿದ್ದಿದ್ದ. ಉಸಿರಿಲ್ಲ ಎಂದು ತಿಳಿದ ಮೇಲೆ ಅವಳು ಮೊದಲು ಓಡಿದ್ದು ದಣಿಯ ಮನೆಗೆ. ಮಗ್ಗ ದಣಿಯದು, ತಲೆಯ ಮೇಲಿನ ಸೂರೂ ದಣಿಯದು. ಹೆಣ ಎತ್ತಬೇಕೆಂದರೂ ಅವನ ಕಿವಿಗೆ ಹಾಕಿಯೇ ಎತ್ತಬೇಕು. ಅಲ್ಲಿ ನಾಳೆ ಮಗಳ ಮದುವೆ. ಹೊಸಿಲಾಚೆ ನಿಂತು ಇವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ದಣಿ ಕೇಳಿದ್ದು ಒಂದೇ ಮಾತು: "ಸೀರೆ?"

"ಸೆರಗು ಬಾಕಿ ಇದೆ ದಣಿ."

"ಮುಗ್ಸು. ಬೀಗರು ಬಣ್ಣ ಆರಿಸಿ ಹೇಳಿರೋ ಸೀರೆ ಅದು. ಸಾವಿನ ಮನೆಯಿಂದ ಬಂತು ಅಂತ ಗೊತ್ತಾದ್ರೆ ಮುಟ್ತಾರಾ? ಸೀರೆ ಮಗ್ಗದಿಂದ ಇಳಿಯೋವರೆಗೂ ನಿಮ್ಮನೇಲಿ ಯಾರೂ ಸತ್ತಿಲ್ಲ. ತಿಳೀತಾ? ಅಳೋ ಸದ್ದು ಬೀದಿಗೆ ಕೇಳಿದ್ರೆ ಇವತ್ತೇ ಮನೆ ಖಾಲಿ."

ಹಾಗೆಂದು ಗುಮಾಸ್ತನನ್ನು ಹಿಂದೆಯೇ ಕಳಿಸಿದ. ಬೀದಿಯಲ್ಲಿ ಆ ಮಹಾನುಭಾವನಿಗೆ ಜಿಗಣೆ ಎಂದೇ ಹೆಸರು. ಅಂಟಿಕೊಂಡರೆ ರಕ್ತ ಕುಡಿಯದೆ ಬಿಡುವವನಲ್ಲ. ಬಂದವನೇ ಬೀದಿ ಬಾಗಿಲಿಗೆ ಅಗುಳಿ ಹಾಕಿ, ಸ್ಟೂಲು ಎಳೆದುಕೊಂಡು ಕೂತ.

"ಸಾಯೋನು ಮದುವೆ ಮುಗಿಯೋವರೆಗೆ ತಡ್ಕೊಂಡು ಸಾಯೋಕೆ ಏನಾಗಿತ್ತು ಬಡ್ಡಿಮಗನಿಗೆ. ಕೈ ಆಡ್ಸೇ. ಮಗ್ಗದ ಸದ್ದು ನಿಂತ್ರೆ ಅಕ್ಕಪಕ್ಕದೋರು ಇಣುಕ್ತಾರೆ."

ಅವಳು ಲಾಳಿ ಎಸೆದಳು. ನೂಲು ಕೂರಿಸಲು ಹಲಗೆ ಬಡಿಯುವಾಗ ಗಂಡನ ಹೊಡೆತ ಭಾರ, ಇವಳದು ಹಗುರ. ಹೊಡೆತ ಬದಲಾದರೆ ಬಟ್ಟೆಯ ಮೇಲೆ ಗೆರೆ ಎದ್ದು ಕಾಣುತ್ತದೆ. ಅದಕ್ಕೇ ಮೈಯ ಬಲವನ್ನೆಲ್ಲ ರಟ್ಟೆಗೆ ತಂದುಕೊಂಡು ಅವನ ಹಾಗೇ ಹೊಡೆಯುತ್ತಿದ್ದಳು. ಅವನೇ ಕೂತು ನೇಯುತ್ತಿದ್ದಾನೆ ಎಂದು ಇಡೀ ಬೀದಿ ನಂಬಿತ್ತು.

ಒಳಗೆ ಅತ್ತೆ ಮಗನ ತಲೆಯ ಬಳಿ ಕೂತಿದ್ದಳು. ಹೆತ್ತವಳು ಎಷ್ಟೆಂದು ತಡೆದುಕೊಂಡಾಳು? "ನನ್ನಪ್ಪಾ" ಎಂದು ಒಮ್ಮೆ ದನಿ ಎತ್ತಿದ್ದೇ ತಡ, ಜಿಗಣೆ ಒಳಕ್ಕೆ ನುಗ್ಗಿ ಮುದುಕಿಯ ಸೆರಗನ್ನೇ ಉಂಡೆ ಮಾಡಿ ಅವಳ ಬಾಯಿಗೆ ತುರುಕಿದ. "ತೆಗೆದ್ರೆ ಹೆಣಾನೂ ಸೇರಿ ಮೂವರೂ ಒಟ್ಟಿಗೆ ಬೀದಿಗೆ" ಎಂದ. ಮುದುಕಿ ತೆಗೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯವಳು ಮುಚ್ಚಿದ ಕಿಟಕಿಯ ಹತ್ತಿರ ಬಂದು ಕೂಗಿದಳು.

"ಅಕ್ಕಾ, ಭಾವನಿಗೆ ಏನಾಗಿದೆ ಇವತ್ತು? ಬೆಳಗ್ಗೆಯಿಂದ ಬರೀ ಮಗ್ಗದ ಸದ್ದು, ಹಾಡೇ ಇಲ್ಲ."

ಜಿಗಣೆ ತುಟಿಯ ಮೇಲೆ ಬೆರಳಿಟ್ಟು, ಒಳಗಿನ ಕೋಣೆಯತ್ತ ಕಣ್ಸನ್ನೆ ಮಾಡಿದ.

"ಗಂಟಲು ಕಟ್ಟಿದೆ ಕಣೇ," ಎಂದಳು ಇವಳು.

"ಹೋಗ್ಲಿ ಬಿಡಕ್ಕ. ನಮ್ಮ ಕಿವಿಗೂ ಒಂದಿನ ರಜ ಬೇಡ್ವಾ?"

ನಗುತ್ತ ಹೊರಟುಹೋದಳು. ಇವಳು ತುಟಿ ಕಚ್ಚಿದಳು, ಲಾಳಿ ಎಸೆದಳು, ಮತ್ತೆ ಎಸೆದಳು. ಥೂ, ಇದೂ ಒಂದು ಬಾಳೇ ಎನಿಸಿತು.

ಹೊತ್ತು ನೆತ್ತಿಗೇರಿ ಇಳಿಯುವಾಗ ಸೆರಗಿನ ಜರಿ ಮುಗಿಯಿತು. ಅವಳು ಕತ್ತರಿಗೆ ಕೈ ಹಾಕಿದಳು.

"ಆಯ್ತು ಸ್ವಾಮಿ. ಇಳಿಸ್ಲಾ?"

ಜಿಗಣೆ ಬಗ್ಗಿ ನೋಡಿದ. "ರವಿಕೆ ಕಣ ಎಲ್ಲೇ?"

"ರವಿಕೇನಾ? ನಾಳೆ ಬೆಳಗ್ಗೆ ಮದುವೆ. ಹೊಲಿಸೋದು ಯಾವಾಗ ಸ್ವಾಮಿ?"

"ಹೊಲಿಸ್ತಾರೋ ಬಿಡ್ತಾರೋ, ಅದು ನಿನಗ್ಯಾಕೆ? ಬೀಗರು ಮಡಿಕೆ ಬಿಚ್ಚಿ ನೋಡ್ತಾರೆ. ಕಣ ಇಲ್ದಿದ್ರೆ ದಣಿ ಮರ್ಯಾದೆ ಏನಾಗ್ಬೇಕು? ನೇಯಿ."

"ಅವ್ರ ಮೇಲೆ ನೊಣ ಕೂರ್ತಿವೆ, ಸ್ವಾಮಿ."

"ಕೂರ್ಲಿ ಬಿಡು. ಬದುಕಿದ್ದಾಗ ಕೂರ್ತಿರ್ಲಿಲ್ವಾ?"

ಅವಳು ಕತ್ತರಿಯನ್ನು ಕೆಳಗಿಟ್ಟು, ಗುಂಡಿಯಿಂದ ಮೇಲೆದ್ದು ಒಳಗೆ ಹೋದಳು. ನೀರು ಕುಡಿಯಲು ಹೋದಳೆಂದುಕೊಂಡು ಅವನು ಕೂತೇ ಇದ್ದ.

ಅವಳು ಅತ್ತೆಯ ಬಾಯಿಂದ ಬಟ್ಟೆಯ ಉಂಡೆಯನ್ನು ಎಳೆದು ತೆಗೆದಳು. ಅದು ಎಂಜಲಿನಲ್ಲಿ ತೊಯ್ದು ಹೋಗಿತ್ತು.

"ಅಳಿ ಅತ್ತೆ."

"ಮನೆ ಹೋಗುತ್ತಲ್ಲ ಮಗಳೇ," ಮುದುಕಿ ಪಿಸುಗುಟ್ಟಿದಳು.

"ಹೋಗ್ಲಿ. ನಿಮ್ ಮಗ ಸತ್ತಿದಾರೆ. ಅಳಿ."

ಮುದುಕಿಯ ಒಡಲಲ್ಲಿ ಬೆಳಗಿನಿಂದ ಹೂತಿದ್ದ ಕೂಗು ಒಮ್ಮೆಲೇ ಹೊರಬಿತ್ತು. ಜಿಗಣೆ ಸ್ಟೂಲು ಕೆಡವಿಕೊಂಡು ಒಳಕ್ಕೆ ಓಡಿ ಬಂದ. ಅಷ್ಟರಲ್ಲಿ ಇವಳು ಅವನನ್ನು ದಾಟಿ ಹೋಗಿ ಅಗುಳಿ ತೆಗೆದು, ಬೀದಿ ಬಾಗಿಲನ್ನು ಹಾರು ಹೊಡೆದಿದ್ದಳು.

ಪಕ್ಕದ ಮನೆಯ ಮಗ್ಗ ನಿಂತಿತು. ಎದುರು ಮನೆಯದೂ ನಿಂತಿತು. ಜನ ಹೊರಗೆ ಬಂದರು.

"ನನ್ ಗಂಡ ಬೆಳಗ್ಗೆನೇ ಹೋಗ್ಬಿಟ್ರು," ಎಂದಳು ಅವಳು. "ಹೆಣ ಮನೇಲಿಟ್ಕೊಂಡು ದಣಿ ಮಗಳ ಮದುವೆ ಸೀರೆ ನೇಯ್ದಿದೀನಿ. ಬೀಗರಿಗೂ ಹೇಳಿ, ಎಲ್ಲರಿಗೂ ಹೇಳಿ."

ಜಿಗಣೆ ಅವಳ ರಟ್ಟೆ ಹಿಡಿದು ಜಗ್ಗಿದ. ಅವನ ಬಾಯಿಂದ ನೊರೆ ಹಾರುತ್ತಿತ್ತು. "ಹಾಳು ಮಾಡಿದ್ಯಲ್ಲೇ ಬೋಸುಡಿ. ಮನೆ ಖಾಲಿ ಮಾಡು. ಈಗ್ಲೇ ಮಾಡು."

"ಮಾಡ್ತೀವಿ," ಎಂದು ಅವಳು ಕೈ ಕೊಡವಿಕೊಂಡಳು. "ಮೊದ್ಲು ಅವ್ರು ಹೊರಡ್ಲಿ."