ಮನಸ್ವಿನಿಯ ನವರಾತ್ರಿ ಉಪವಾಸ

ಹದಿನೈದರ ಹುಡುಗಿ ನವರಾತ್ರಿಗೆ ಉಪವಾಸ ಹಿಡಿದರೆ ಯಾವ ತಾಯಿ ಹಿಗ್ಗಲ್ಲ ಹೇಳಿ? ಗಂಡನ ಬ್ಯಾಂಕಿನ ವರ್ಗಾವಣೆಯಲ್ಲಿ ಹಾಸನ ಬಿಟ್ಟು ವಡೋದರಾ ಸೇರಿದ್ದ ಗಿರಿಜಾ, ಊರಲ್ಲಿದ್ದ ಅತ್ತೆ ಗೌರಮ್ಮನಿಗೆ ಫೋನ್ ಮಾಡಿ, "ನಿಮ್ಮ ಮೊಮ್ಮಗಳು ಇಲ್ಲಿಯವರ ಥರ ಒಂಬತ್ತು ದಿನವೂ ಉಪವಾಸ ಅತ್ತೆ! ದೇವಿ ಮೇಲೆ ಏನು ಭಕ್ತಿ ಅಂತೀರಿ!" ಎಂದು ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು.

ಮೂರನೇ ದಿನ ಮಧ್ಯಾಹ್ನ ಪಕ್ಕದ ಮನೆಯ ಹಂಸಾಬೆನ್ ಉಪವಾಸದವಳಿಗೆಂದೇ ಸಾಬೂದಾನೆ ಖಿಚಡಿ ತಂದರು. ಇಲ್ಲಿಯ ಉಪವಾಸದಲ್ಲಿ ಹಾಲು, ಹಣ್ಣು, ಆಲೂಗಡ್ಡೆ, ಸಾಬೂದಾನೆ ಎಲ್ಲಾ ನಡೆಯುತ್ತೆ. ಮನಸ್ವಿನಿ ತಟ್ಟೆ ನೋಡಿ ಮುಖ ತಿರುಗಿಸಿದಳು. "ಎಣ್ಣೆ ಜಾಸ್ತಿ, ಬೇಡ." ಗಿರಿಜಾಗೆ ಅನುಮಾನ ಬಂತು. ಎಣ್ಣೆ ನೋಡಿ ಬಿಡೋದು ಎಲ್ಲಿಯ ಭಕ್ತಿ?

ಮಗಳ ಹಿಂದೆಯೇ ರೂಮಿಗೆ ಹೋದಳು. ರಾತ್ರಿಯ ಗರ್ಬಾ ಕುಣಿತಕ್ಕೆ ತಂದ ಹೊಸ ಚೋಲಿ ರವಿಕೆ ಮಂಚದ ಮೇಲೆ ಬಿದ್ದಿತ್ತು.

"ಬೆನ್ನೆಲ್ಲಾ ಕಾಣುತ್ತೆ ಅಮ್ಮಾ. ಮಡಿಕೆ ಬೀಳುತ್ತೆ. ಸಣ್ಣ ಆದ್ರೆ ಮಾತ್ರ ಹೋಗ್ತೀನಿ."

"ಅಯ್ಯೋ ಹುಚ್ಚಿ! ಯಾರೇ ನಿನ್ನ ದಪ್ಪ ಅಂದೋರು? ನಾನು ಒಂದಿನಾದ್ರೂ ಅಂದಿದೀನಾ?"

ಅದೊಂದು ಹೆಮ್ಮೆ ಗಿರಿಜಾಗೆ. ಯಾವ ನೆಂಟರು ಹಾಗೆ ಅಂದರೂ ಅಲ್ಲೇ ಬಾಯಿ ಮುಚ್ಚಿಸಿದವಳು ಅವಳು.

"ನಂಗೆ ಅಂದಿಲ್ಲ," ಮನಸ್ವಿನಿ ಅಳತೊಡಗಿದಳು. "ನಿಂಗೆ ನೀನೇ ದಿನಾ ಅಂದ್ಕೋತೀಯಲ್ಲ. ಕನ್ನಡಿ ಮುಂದೆ ನಿಂತು, ಥೂ, ಎಮ್ಮೆ ಥರ ಆಗಿದೀನಿ ಅಂತ. ನಾನು ನೋಡೋಕೆ ನಿನ್ನ ಥರಾನೇ ಇದೀನಿ ಅಂತಾರೆ ಎಲ್ಲರೂ. ಹಾಗಾದ್ರೆ ನಾನೇನಮ್ಮಾ?"

ಬುದ್ಧಿ ಹೇಳೋಕೆ ಬಂದಿದ್ದ ಗಿರಿಜಾ ಮಂಚದ ತುದಿಯಲ್ಲಿ ಕೂತಳು. ಮಗಳ ಕೈ ಹಿಡಿದು ಹೇಳಿದಳು: "ಇನ್ನು ಅನ್ನೋದೇ ಇಲ್ಲ ಅಂದ್ರೆ ಸುಳ್ಳಾಗುತ್ತೆ ಕಣೆ. ಬಾಯಿಗೆ ಅಭ್ಯಾಸ ಆಗ್ಬಿಟ್ಟಿದೆ. ಅಂದಾಗ ನೀನು ಬೈಬೇಕು ನನ್ನ."

"ಜೋರಾಗಿ ಬೈಲಾ?"

"ಹಂಸಾಬೆನ್‌ಗೆ ಕೇಳಿಸೋ ಹಾಗೆ ಬೈ."

ಹುಡುಗಿ ಅಳುತ್ತಲೇ ನಕ್ಕಳು. ಆಮೇಲೆ ಮೆಲ್ಲಗೆ, "ಅಮ್ಮಾ, ತುಂಬಾ ಹಸಿವು," ಅಂದಳು.

ಗಿರಿಜಾ ಅಡುಗೆಮನೆಗೆ ಓಡಿದಳು. ಬಿಸಿ ಅನ್ನ, ಸಾರು, ಮೇಲೊಂದು ಚಮಚ ತುಪ್ಪ. ಮನಸ್ವಿನಿ ತಟ್ಟೆ ಮುಂದೆ ಕೂತಳು, ಕೈ ಹಾಕಲಿಲ್ಲ.

"ಯಾಕೆ, ಏನಾಯ್ತು?"

"ನಿಂದೆಲ್ಲಿ?"

ಗಿರಿಜಾ ತನಗೂ ಬಡಿಸಿಕೊಂಡಳು. ತುಪ್ಪದ ಚಮಚ ಎತ್ತಿದಾಗ ಅಭ್ಯಾಸದ ಮಾತು ನಾಲಿಗೆ ತುದಿಗೆ ಬಂತು. ಮಗಳು ನೋಡುತ್ತಿದ್ದಳು. ಗಿರಿಜಾ ಮಾತು ನುಂಗಿಕೊಂಡು ತುಪ್ಪ ಹಾಕಿಕೊಂಡಳು.