ನಲ್ಲಿಯ ಪಕ್ಕದ ಮಣ್ಣು

ಹಿಂಡಿದ ಹೊದಿಕೆಯನ್ನು ಹಗ್ಗದ ಮೇಲೆ ಎಸೆದೆನೋ ಇಲ್ಲವೋ, ಅದರ ಆಚೆಯಿಂದ ಒಂದು ಗಂಡಸಿನ ದನಿ ಸ್ವಲ್ಪ ಪಕ್ಕಕ್ಕೆ ಸರಿಯಲು ಹೇಳಿತು. ಹೊದಿಕೆ ಎತ್ತಿ ನೋಡಿದರೆ, ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ತೊಟ್ಟವನೊಬ್ಬ ನಿಂತಿದ್ದ, ದಿಂಬಿಗೆ ಕೈಕಾಲು ಬಂದ ಹಾಗೆ. ಕೈಯಲ್ಲಿ ಟಿಕ್ ಟಿಕ್ ಎನ್ನುವ ಯಂತ್ರ.

ರಸ್ತೆಯ ಆಚೆ, ಕತ್ತಲಲ್ಲಿ ಹೊಳೆಯುವ ಗಡಿಯಾರಗಳಿಗೆ ಬಣ್ಣ ಬಳಿಯುತ್ತಿದ್ದ ಹಳೆಯ ಕಾರ್ಖಾನೆಯ ಜಾಗದಲ್ಲಿ ಇವನ ಕಡೆಯವರು ತಿಂಗಳುಗಳಿಂದ ನೆಲ ಕೆರೆಯುತ್ತಿದ್ದರು. ಆ ಬಣ್ಣದಲ್ಲಿ ವಿಕಿರಣವಿತ್ತಂತೆ, ಅದು ಮಣ್ಣಿಗೆ ಇಳಿದಿದೆಯಂತೆ. ಕೆಟ್ಟ ಮಣ್ಣನ್ನೆಲ್ಲ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಲಾರಿಯಲ್ಲಿ ಎಲ್ಲೋ ದೂರ ಒಯ್ಯುತ್ತಿದ್ದರು. ಇವತ್ತು ನಮ್ಮ ಸಾಲಿನ ಮನೆಗಳ ಅಂಗಳದಲ್ಲಿ ವಿಕಿರಣ ಅಳೆಯುವ ಸರದಿ.

ನನ್ನ ಕಣ್ಣು ನೇರ ನಲ್ಲಿಯ ಕಡೆ ಹೋಯಿತು. ಹೋದ ವಾರ ನನ್ನ ಮಗಳು, ನಮ್ಮನೆಯ ಚಿನಕುರುಳಿ, ನಲ್ಲಿಯ ಪಕ್ಕ ಕೂತು ಮಣ್ಣು ತಿನ್ನುವುದನ್ನು ಕಿಟಕಿಯಿಂದ ಕಂಡಿದ್ದೆ. ಓಡಿ ಬರುವಷ್ಟರಲ್ಲಿ ನುಂಗಿ, ಮೂತಿ ಒರೆಸಿಕೊಂಡು, ತಿಂದೇ ಇಲ್ಲವೆಂದು ಸಾಧಿಸಿದ್ದಳು. ಆಮೇಲೆ ಮನೆ ಮುಂದೆ ಲಾರಿ ಹೋದಾಗೆಲ್ಲ ಮಂಚದ ಕೆಳಗೆ ಸೇರುತ್ತಿದ್ದಳು. ಕೇಳಿದರೆ ಇನ್ನೂ ಒಳಗೆ ಸರಿಯುತ್ತಿದ್ದಳು. ತಾನಾಗಿಯೇ ಹೇಳಲಿ ಎಂದು ನಾನೂ ಕೆದಕಲಿಲ್ಲ. ಈಗ ನನ್ನ ಕಾಲಿಗೆ ಅಂಟಿಕೊಂಡು ನಿಂತಿದ್ದಳು.

ಅಳತೆಯವನು ಬೇಲಿಯ ಬುಡದಿಂದ ಶುರು ಮಾಡಿದ. ನಮ್ಮ ಅತ್ತೆ ಅವನ ಬೆನ್ನು ಬಿಡಲಿಲ್ಲ. ತಮ್ಮ ಮಂಡಿಗೂ ಒಮ್ಮೆ ಯಂತ್ರ ಹಿಡಿಯಬೇಕೆಂದು ಪಟ್ಟು. ಇದು ನೋವು ನೋಡುವ ಯಂತ್ರ ಅಲ್ಲವೆಂದು ಅವನು ಎಷ್ಟು ಹೇಳಿದರೂ ಕೇಳದೆ, ಕುರ್ಚಿ ತಂದು ಕಾಲು ಚಾಚಿ ಕೂತೇಬಿಟ್ಟರು.

"ಸುಮ್ನೆ ಹಿಡಿಯಪ್ಪಾ, ನಿನ್ನ ಗಂಟೇನು ಹೋಗುತ್ತೆ?"

ಹಿಡಿದ. ಯಂತ್ರ ಕ್ಯಾರೇ ಅನ್ನಲಿಲ್ಲ, ಅದೇ ನಿಧಾನದ ಟಿಕ್.

"ಮಂಡಿ ಚೆನ್ನಾಗಿದೆ ಅಜ್ಜಿ, ಅಗೆಯೋದು ಬೇಡ."

ನಗು ತಡೆಯಲಾಗಲಿಲ್ಲ. ಆದರೆ ಅವನು ನಲ್ಲಿಯ ಕಡೆ ಹೊರಟಾಗ ನಗು ಅರ್ಧಕ್ಕೇ ನಿಂತಿತು. ಬಗ್ಗಿದ. ಕಲ್ಲಿನ ಈಚೆ ಹಿಡಿದ, ಆಚೆ ಹಿಡಿದ. ನನ್ನ ಕೈಯ ಒದ್ದೆ ದಿಂಬಿನ ಚೀಲದಿಂದ ನೀರು ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಯಂತ್ರ ಮಂಡಿಗೆ ಹೇಳಿದ್ದನ್ನೇ ಮಣ್ಣಿಗೂ ಹೇಳಿತು.

ಇಡೀ ಅಂಗಳ ಸ್ವಚ್ಛವಾಗಿದೆ, ಇಲ್ಲಿಂದ ಒಂದು ಬುಟ್ಟಿಯನ್ನೂ ಎತ್ತುವುದಿಲ್ಲ ಎಂದ.

ನನಗೆ ಏನಾಯಿತೋ, ಆ ಒದ್ದೆ ಚೀಲವನ್ನು ಅತ್ತೆಯ ತಲೆಗೇ ತೊಡಿಸಿಬಿಟ್ಟೆ. ಬೈಯುತ್ತಾರೆಂದುಕೊಂಡರೆ, ಅವರು ಅದನ್ನು ಹಾಗೇ ಹಾಕಿಕೊಂಡು ಅಳತೆಯವನ ಪಕ್ಕ ನೆಟ್ಟಗೆ ನಿಂತು, ಇವತ್ತಿಂದ ತಾವೂ ಕೆಲಸಕ್ಕೆ ಸೇರಿದ್ದಾಗಿ ಹೇಳಿದರು. ಅವನು ಮುಖದ ಗವಸು ಕೆಳಗಿಳಿಸಿ ನಕ್ಕ. ಪಾಪ, ಇನ್ನೂ ಮೀಸೆ ಚಿಗುರುತ್ತಿರುವ ಹುಡುಗ. ನಾನಂತೂ ಹಗ್ಗ ಹಿಡಿದುಕೊಂಡು ನಕ್ಕು ನಕ್ಕು ಸುಸ್ತಾದೆ. ಒಗೆದ ಬಟ್ಟೆ ಅರ್ಧ ನೆಲದ ಪಾಲು.

ನಗದೆ ಇದ್ದವಳು ಚಿನಕುರುಳಿ ಒಬ್ಬಳೇ. ಗೇಟಿನ ಹೊರಗೆ ಲಾರಿ ಗುರುಗುಟ್ಟುತ್ತ ಕಾಯುತ್ತಿತ್ತು. ಅವಳು ನನ್ನ ಕಾಲು ಬಿಟ್ಟು ಅಳತೆಯವನ ಎದುರಿಗೆ ಹೋಗಿ, ಅಂಗಿ ಎತ್ತಿ, ಗುಂಡು ಹೊಟ್ಟೆಯನ್ನು ಯಂತ್ರದ ಮುಂದೆ ಒಡ್ಡಿದಳು.

"ಮಾಮ, ಅಂಗಳ ಬಿಡಿ. ನಾನು ಮಣ್ಣು ತಿಂದಿದೀನಿ. ನಾನೂ ಲಾರಿ ಹತ್ತಬೇಕಾ?"